ಡಿಗ್ರಿ ಮುಗಿದ ಮೇಲೆ ಒಂದು ವರ್ಷ: ಸೇವಾ ಫೆಲೋಶಿಪ್ ಹೇಗೆ ನಡೆಯುತ್ತದೆ

ಬೆಂಗಳೂರಿನಿಂದ ದೇವನಹಳ್ಳಿ ಕಡೆಗೆ ಹೊರಡುವ 44ನೇ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಹೈದರಾಬಾದ್ ದಾಟಿ ಹೋದರೆ, ನಾಗ್ಪುರಕ್ಕೆ ಸುಮಾರು 30 ಕಿ.ಮೀ. ಮೊದಲು ಬುಟಿಬೋರಿ ಸಿಗುತ್ತದೆ. ಕೆಲಸ ಹುಡುಕಿ ಬರುವವರಿಗೆ ಇದು ಎಂಐಡಿಸಿಯ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ) ಊರು: ಕಾರ್ಖಾನೆ, ಶಿಫ್ಟು, ಗುತ್ತಿಗೆ ಕೆಲಸ. ಆದರೆ ವರ್ಧಾ ರಸ್ತೆ ಕವಲೊಡೆಯುವುದೂ ಇಲ್ಲೇ. ಆ ದಾರಿಯಲ್ಲಿ ಗಾಂಧೀಜಿಯ ಸೇವಾಗ್ರಾಮವಿದೆ. ದಕ್ಷಿಣಕ್ಕೆ, ವರೋರಾದಲ್ಲಿ ಬಾಬಾ ಆಮ್ಟೆ 1949ರಲ್ಲಿ ಕಟ್ಟಿದ ಆನಂದವನ. ಇನ್ನೂ ಆಚೆ ಗಡಚಿರೋಲಿ. ಓದು ಮುಗಿಸಿ ಒಂದು ವರ್ಷ ಜನರ ನಡುವೆ ಕೆಲಸ ಮಾಡಬೇಕೆನ್ನುವವರಿಗೆ ಇಷ್ಟು ಹತ್ತಿರ ಹತ್ತಿರ ಇಷ್ಟು ಜಾಗಗಳು ಸಿಗುವುದು ಅಪರೂಪ.

ಹೀಗೆ ಒಂದು ವರ್ಷ ಹೋಗಲು ಇರುವ ದಾರಿಯೇ ಫೆಲೋಶಿಪ್. ಅಮೆರಿಕದಲ್ಲಿ ಓದಿದ ನಮ್ಮವರ ಮಕ್ಕಳು ‘ಪ್ರಿನ್ಸ್‌ಟನ್ ಇನ್ ಆಫ್ರಿಕಾ’ದ ಹೆಸರು ಕೇಳಿರಬಹುದು. ಹೊಸ ಪದವೀಧರರನ್ನು ವರ್ಷದ ಮಟ್ಟಿಗೆ ಆಫ್ರಿಕಾದ ಸಂಸ್ಥೆಗಳಿಗೆ ಕಳಿಸಲೆಂದು ಈ ಕಾರ್ಯಕ್ರಮ 1999ರಲ್ಲಿ ಶುರುವಾಯಿತು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಎಸ್‌ಬಿಐ ಯೂತ್ ಫಾರ್ ಇಂಡಿಯಾ. 2011ರಿಂದ ನಡೆಯುತ್ತಿದೆ, ಅವಧಿ 13 ತಿಂಗಳು. 21ರಿಂದ 32 ವಯಸ್ಸಿನ ಪದವೀಧರರು ಅರ್ಜಿ ಹಾಕಬಹುದು. ಹಣ ಬ್ಯಾಂಕಿನ ಫೌಂಡೇಶನ್ನಿನದು, ಕೆಲಸ ಮಾತ್ರ ಬೈಫ್‌ನಂಥ ಸ್ವಯಂಸೇವಾ ಸಂಸ್ಥೆಯ ಜೊತೆ. ಬರುವುದು ಸಂಬಳವಲ್ಲ, ಸ್ಟೈಪೆಂಡ್. ಹಳ್ಳಿಯ ಬಾಡಿಗೆ, ಊಟ, ಓಡಾಟ ಅದರಲ್ಲಿ ಸಾಗುತ್ತದೆ; ಎಜುಕೇಶನ್ ಲೋನಿನ ಕಂತು ಸಾಗುವುದು ಕಷ್ಟ. ಮನೆಯಲ್ಲಿ ಈ ಮಾತು ಮೊದಲೇ ಆಗಿರಲಿ.

ಮಹಾರಾಷ್ಟ್ರದ ಮುಖ್ಯಮಂತ್ರಿ ಫೆಲೋಶಿಪ್ ಬೇರೆ ಬಗೆಯದು. 2015ರಲ್ಲಿ ಆರಂಭವಾದ ಇದರಲ್ಲಿ ಸರ್ಕಾರಿ ಕಚೇರಿಯೊಳಗೇ ಕೆಲಸ. ವಯಸ್ಸು 21ರಿಂದ 26, ಮರಾಠಿ ಬರಲೇಬೇಕು. ಆಡಳಿತ ಒಳಗಿನಿಂದ ಹೇಗೆ ನಡೆಯುತ್ತದೆಂದು ನೋಡುವ ಆಸೆಯಿದ್ದರೆ ಒಳ್ಳೆಯದೇ, ಆದರೆ ಹಳ್ಳಿಯ ಅನುಭವ ಬೇಕೆಂದು ಅಲ್ಲಿಗೆ ಹೋಗಬೇಡಿ.

ನನಗೆ ಹೆಚ್ಚು ಭರವಸೆ ಇರುವುದು ಗಡಚಿರೋಲಿಯ ‘ಸರ್ಚ್’ ಸಂಸ್ಥೆಯ ಮೇಲೆ. ಅದನ್ನು ಕಟ್ಟಿದ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಯುವಜನರಿಗಾಗಿ 2006ರಲ್ಲಿ ‘ನಿರ್ಮಾಣ್’ ಶುರುಮಾಡಿದರು. ಮೊದಲು ಶಿಬಿರ, ಆಮೇಲೆ ಮನಸ್ಸು ಗಟ್ಟಿಯಾದವರಿಗೆ ‘ಕರ್ ಕೇ ದೇಖೋ’ ಎಂಬ ವರ್ಷದ ಫೆಲೋಶಿಪ್. ಅಲ್ಲಿ ಕೆಲಸವನ್ನು ಹೇಗೆ ಯೋಚಿಸುತ್ತಾರೆ ಅನ್ನುವುದಕ್ಕೆ ಅವರ ಉಸಿರು ಎಣಿಸುವ ಸಾಧನ ನೋಡಿ. ಮಗುವಿಗೆ ನ್ಯುಮೋನಿಯಾ ಇದೆಯೇ ಎಂದು ತಿಳಿಯಲು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಬೇಕು. ಅಲ್ಲಿನ ಸೂಲಗಿತ್ತಿಯರಿಗೆ ಅಷ್ಟು ದೊಡ್ಡ ಸಂಖ್ಯೆಯವರೆಗೆ ಎಣಿಸಲು ಕಷ್ಟವಾಗುತ್ತಿತ್ತು. ಅದಕ್ಕೆ ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳು. ಹತ್ತು ಉಸಿರಿಗೆ ಒಂದು ಮಣಿ ಸರಿಸಿದರಾಯಿತು. ಆ ಹೆಂಗಸರ ಜೊತೆ ಕೂತು ಮಾತಾಡದೆ ಇಂಥದ್ದು ಯಾರಿಗೂ ಹೊಳೆಯುವುದಿಲ್ಲ. ಹಳ್ಳಿಯ ಹೆಂಗಸರೇ ಮನೆಮನೆಗೆ ಹೋಗಿ ನವಜಾತ ಶಿಶುಗಳನ್ನು ಆರೈಕೆ ಮಾಡಿದ ಅವರ ಪ್ರಯೋಗ 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಇವತ್ತು ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಬಂದು ಮಗುವನ್ನು ನೋಡುವ ಪದ್ಧತಿಯ ಹಿಂದೆ ಆ ಪ್ರಯೋಗವಿದೆ.

ಹೀಗೆ ಯೋಚಿಸುವುದನ್ನು ಕಲಿಯುವುದು ಜೊತೆಗಿರುವ ಹಿರಿಯರಿಂದ. ಹಾಗಾಗಿ ಸಂಸ್ಥೆಯ ಹೆಸರಿಗಿಂತ, ನಿಮ್ಮನ್ನು ಯಾರ ಕೈಕೆಳಗೆ ಹಾಕುತ್ತಾರೆ ಅನ್ನುವುದು ಮುಖ್ಯ. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ಹಿಂದಿನ ಫೆಲೋ ಮಾಡಿದ ಕೆಲಸ ಈಗ ಯಾರು ನೋಡಿಕೊಳ್ಳುತ್ತಿದ್ದಾರೆ? ಆ ಫೆಲೋ ಜೊತೆ ಫೋನಿನಲ್ಲಿ ಮಾತಾಡಬಹುದೇ? ಉಳಿಯುವ ಮನೆ ಎಲ್ಲಿ, ಹುಷಾರು ತಪ್ಪಿದರೆ ಆಸ್ಪತ್ರೆ ಎಷ್ಟು ದೂರ, ವಾರಕ್ಕೊಮ್ಮೆಯಾದರೂ ನಿಮ್ಮ ಕೆಲಸ ನೋಡಲು ಹಿರಿಯರು ಬರುತ್ತಾರೆಯೇ? ಮೊದಲ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡುವುದು ಲೇಸು. ನೀವು ಹೊರಟ ಮರುದಿನ ನಿಮ್ಮ ಕೆಲಸಕ್ಕೂ ಅದೇ ಗತಿ.

ಕನ್ನಡದ ಹುಡುಗ ಹುಡುಗಿಯರು ಮಹಾರಾಷ್ಟ್ರದ ಈ ಭಾಗಕ್ಕೆ, ಅಂದರೆ ವಿದರ್ಭಕ್ಕೆ, ಬರುವುದಾದರೆ, ಅರ್ಜಿ ಹಾಕಿದ ದಿನವೇ ಮರಾಠಿ ಕಲಿಯಲು ಶುರುಮಾಡಿ. ಗಡಚಿರೋಲಿಯ ಒಳಹಳ್ಳಿಗಳಲ್ಲಿ ಗೊಂಡಿ, ಮಾಡಿಯಾ ಮಾತುಗಳೂ ಬೇಕಾಗುತ್ತವೆ. ಅವನ್ನು ಅಲ್ಲಿಯವರಿಂದಲೇ ಕಲಿಯಬೇಕು. ಮೊದಲ ಎರಡು ತಿಂಗಳು ಅದಕ್ಕೇ ಹೋದರೂ ಆ ಸಮಯ ಹಾಳಾಗುವುದಿಲ್ಲ.