ಮನೆ ಬಾಗಿಲಿಗೆ ಸಮೀಕ್ಷೆಯವರು ಬಂದರೆ

ತುಮಕೂರಿನ ಬಡಾವಣೆಯಲ್ಲೋ ಗುಬ್ಬಿ ಕಡೆಯ ಹಳ್ಳಿಯಲ್ಲೋ ಟ್ಯಾಬ್ ಹಿಡಿದವರೊಬ್ಬರು ನಿಮ್ಮ ಬಾಗಿಲು ತಟ್ಟಬಹುದು. ದಿನಾ ಪೂಜೆ ಮಾಡುತ್ತೀರಾ, ಬೇರೆ ಧರ್ಮದವರು ಪಕ್ಕದ ಮನೆಗೆ ಬಂದರೆ ಒಪ್ಪುತ್ತೀರಾ, ಯಾರಿಗೆ ಮತ ಹಾಕುತ್ತೀರಿ ಎಂದೆಲ್ಲ ಕೇಳಬಹುದು. ಇದು ಅಭಿಪ್ರಾಯ ಸಮೀಕ್ಷೆ. ಜನಗಣತಿ ಬೇರೆ. ಅಲ್ಲಿ ಎಲ್ಲರನ್ನೂ ಎಣಿಸುತ್ತಾರೆ, 1948ರ ಕಾಯ್ದೆಯಂತೆ ಉತ್ತರ ಕೊಡಲೇಬೇಕು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಶುರು ಮಾಡಿದ ಸಮೀಕ್ಷೆಯೂ ಅಭಿಪ್ರಾಯ ಸಮೀಕ್ಷೆಯಲ್ಲ. ಅದು ಜಾತಿ, ಓದು, ಉದ್ಯೋಗ ಕೇಳಿತು.

"ನನ್ನನ್ನು ಯಾರೂ ಕೇಳಲೇ ಇಲ್ಲ, ಇದು ಹೇಗೆ ಜನಾಭಿಪ್ರಾಯ?" ಎಂಬ ಅನುಮಾನ ಸಹಜ. ಉತ್ತರ ಇರುವುದು ಆಯ್ಕೆಯ ಕ್ರಮದಲ್ಲಿ. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ತಂಡ ಮೊದಲು ಕ್ಷೇತ್ರಗಳನ್ನು, ಆಮೇಲೆ ಮತಗಟ್ಟೆಗಳನ್ನು ಆರಿಸುತ್ತದೆ. ಕೊನೆಗೆ ಮತದಾರರ ಪಟ್ಟಿಯಿಂದ ಇಷ್ಟಿಷ್ಟು ಹೆಸರಿಗೊಂದರಂತೆ ತೆಗೆಯುತ್ತದೆ. ಇದೇ ಸ್ಯಾಂಪಲ್, ಅಂದರೆ ಮಾದರಿ. ಸಿಕ್ಕವರನ್ನು ಕೇಳುವಂತಿಲ್ಲ, ಪಟ್ಟಿಯಲ್ಲಿ ಬಂದವರನ್ನೇ ಹುಡುಕಿಕೊಂಡು ಹೋಗಬೇಕು. ಮತದ ಪ್ರಶ್ನೆ ಬಂದಾಗ ಚಿಹ್ನೆಗಳಿರುವ ನಕಲಿ ಮತಪತ್ರ ಕೊಡುತ್ತಾರೆ. ನೀವು ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕುತ್ತೀರಿ. ಎದುರಿಗೆ ನಿಂತವರಿಗೂ ತಿಳಿಯುವುದಿಲ್ಲ.

ಹೆಚ್ಚು ಜನರನ್ನು ಕೇಳಿದರೆ ಹೆಚ್ಚು ಸರಿ ಎಂದೇನಿಲ್ಲ. ಸಿದ್ಧಗಂಗೆ ಜಾತ್ರೆಯಲ್ಲಿ ಹತ್ತು ಸಾವಿರ ಜನರನ್ನು ಧರ್ಮದ ಬಗ್ಗೆ ಕೇಳಿದರೂ ಅದು ಜಾತ್ರೆಗೆ ಬಂದವರ ಮಾತಷ್ಟೇ. ಅಮೆರಿಕದಲ್ಲಿ 1936ರ ಅಧ್ಯಕ್ಷ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಇಂಥದ್ದೇ ಪೆಟ್ಟು ತಿಂದಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ತರಿಸಿಕೊಂಡು ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತು. ಅವರು ಭಾರಿ ಅಂತರದಲ್ಲಿ ಗೆದ್ದರು. ಕಾರು, ಫೋನು ಇದ್ದವರ ವಿಳಾಸಗಳೇ ಅದರ ಪಟ್ಟಿಯಲ್ಲಿ ಹೆಚ್ಚಾಗಿದ್ದವು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕುಣಿಗಲ್ ತುಮಕೂರು ಜಿಲ್ಲೆಯದೇ, ಆದರೆ ಲೋಕಸಭೆಗೆ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರುತ್ತದೆ. ಗುಬ್ಬಿ ತುಮಕೂರು ಕ್ಷೇತ್ರದಲ್ಲೇ ಇದೆ. "ತುಮಕೂರಿನ ಒಲವು" ಎಂಬ ತಲೆಬರಹ ಕಂಡರೆ ಜಿಲ್ಲೆಯೋ ಕ್ಷೇತ್ರವೋ ಎಂದು ಮೊದಲು ನೋಡಿ.

ಇನ್ನು ಮಾರ್ಜಿನ್ ಆಫ್ ಎರರ್, ಅಂದರೆ ತಪ್ಪಿನ ಅಂದಾಜು. ಸರಿಯಾಗಿ ಆರಿಸಿದ ಸಾವಿರ ಜನರ ಉತ್ತರವೂ ಶೇ. 3ರಷ್ಟು ಮೇಲೆ ಕೆಳಗೆ ಆಗಬಹುದು. 2019ರಲ್ಲಿ ತುಮಕೂರಿನಲ್ಲಿ ದೇವೇಗೌಡರು ಬಸವರಾಜು ಅವರೆದುರು ಸೋತಿದ್ದು 13,339 ಮತಗಳಿಂದ. ಚಲಾವಣೆಯಾದ ಮತಗಳಲ್ಲಿ ಅದು ಸುಮಾರು ಶೇ. 1. ಅಂಥ ಫಲಿತಾಂಶವನ್ನು ಸಾವಿರ ಜನರನ್ನು ಕೇಳಿ ಹೇಳುವವರು ಊಹೆ ಮಾಡುತ್ತಿದ್ದಾರೆ ಎಂದೇ ತಿಳಿಯಿರಿ.

ಧರ್ಮದ ವಿಷಯದಲ್ಲಿ ಪ್ರಶ್ನೆಯ ರೂಪವೇ ಅರ್ಧ ಉತ್ತರ. ಪಟ್ಟಿಯಲ್ಲಿ "ಹಿಂದೂ" ಮಾತ್ರ ಇದ್ದರೆ ನಮ್ಮೂರಿನ ಅನೇಕರು ಅದನ್ನೇ ಒತ್ತುತ್ತಾರೆ. "ಇತರೆ" ಎಂದು ಜಾಗ ಬಿಟ್ಟರೆ ಅವರಲ್ಲೇ ಕೆಲವರು ಲಿಂಗಾಯತ ಎಂದು ಬರೆಸುತ್ತಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019-20ರಲ್ಲಿ ಭಾರತದ ಸುಮಾರು 30,000 ವಯಸ್ಕರನ್ನು 17 ಭಾಷೆಗಳಲ್ಲಿ ಮಾತನಾಡಿಸಿತು. ಎಲ್ಲ ಧರ್ಮಗಳನ್ನು ಗೌರವಿಸುವುದು ನಿಜವಾದ ಭಾರತೀಯತೆಗೆ ಬಹಳ ಮುಖ್ಯ ಎಂದವರು ಶೇ. 84. ಅದೇ ಸಮೀಕ್ಷೆಯಲ್ಲಿ ಮುಸ್ಲಿಂ ನೆರೆಮನೆ ಬೇಡ ಎಂದ ಹಿಂದೂಗಳು ಶೇ. 36. ಜನ ಸುಳ್ಳು ಹೇಳಿದರು ಅಂತಲ್ಲ. ಮೊದಲನೆಯದು ತತ್ವದ ಪ್ರಶ್ನೆ, ಎರಡನೆಯದು ಬೀದಿಯ ಪ್ರಶ್ನೆ. ಒಂದನ್ನೇ ಎತ್ತಿ ತೋರಿಸುವ ಸುದ್ದಿ ಅರ್ಧ ಸುದ್ದಿ.

ಅಮೆರಿಕದ ಜನಗಣತಿ ಧರ್ಮವನ್ನೇ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಯಾವ ಧರ್ಮದವರು ಎಷ್ಟು ಎಂಬ ಲೆಕ್ಕಕ್ಕೆ ಸಮೀಕ್ಷೆಗಳೇ ಮುಖ್ಯ ಆಧಾರ. ಪ್ಯೂ 2023-24ರಲ್ಲಿ 36,908 ಜನರನ್ನು ಕೇಳಿತು. ಶೇ. 62 ಕ್ರೈಸ್ತರು, ಶೇ. 29 ಯಾವ ಧರ್ಮಕ್ಕೂ ಸೇರದವರು. ಆರಿಸಿದ ವಿಳಾಸಕ್ಕೆ ಪತ್ರ ಬರುತ್ತದೆ, ಬಹಳಷ್ಟು ಮಂದಿ ಆನ್‌ಲೈನ್‌ನಲ್ಲೇ ಉತ್ತರಿಸುತ್ತಾರೆ.

ಮನೆಗೆ ಬರುವ ಸಮೀಕ್ಷೆಯಿಂದ ನಿಮಗೆ ಖರ್ಚಿಲ್ಲ, ಸಮಯವಷ್ಟೇ. ಬೇಡವೆನಿಸಿದರೆ ಆಗಲ್ಲ ಎನ್ನಿ, ಒಂದೆರಡು ಪ್ರಶ್ನೆ ಬಿಡಿ ಎಂದೂ ಹೇಳಬಹುದು. ಯಾವ ಸಂಸ್ಥೆ, ಹಣ ಯಾರದು ಎಂದು ಕೇಳಿ. ಆಧಾರ್, ಬ್ಯಾಂಕ್ ವಿವರ, ಒಟಿಪಿ ಕೇಳಿದರೆ ಅದು ಅಭಿಪ್ರಾಯ ಸಮೀಕ್ಷೆಯಲ್ಲ, ಬಾಗಿಲು ಹಾಕಿ. ಚುನಾವಣೆ ವೇಳೆ ಮತದಾನ ಮುಗಿಯುವ 48 ಗಂಟೆ ಮೊದಲಿನಿಂದ ಟಿವಿಯಲ್ಲಿ ಸಮೀಕ್ಷೆ ತೋರಿಸುವಂತಿಲ್ಲ. ಮತ ಹಾಕಿ ಹೊರಬಂದವರನ್ನು ಕೇಳುವ ಎಕ್ಸಿಟ್ ಪೋಲ್ ಅನ್ನು ನಿಷೇಧದ ಅವಧಿಯಲ್ಲಿ ಪ್ರಕಟಿಸಿದರೆ ಎರಡು ವರ್ಷದವರೆಗೆ ಜೈಲಿಗೂ ಅವಕಾಶವಿದೆ.

ಲೋಕನೀತಿ ಮತ್ತು ಪ್ಯೂ ವರದಿಗಳು ಅವರ ಜಾಲತಾಣಗಳಲ್ಲಿ ಉಚಿತ. ಕೊನೆಯ ಪುಟಗಳಲ್ಲಿ ಪ್ರಶ್ನೆಗಳು, ಆಯ್ಕೆಯ ವಿಧಾನ ಇರುತ್ತವೆ. ನಾನಾದರೆ ಅಲ್ಲಿಂದಲೇ ಓದಲು ಶುರು ಮಾಡುತ್ತೇನೆ. ಹೆಸರು ನೋಂದಾಯಿಸಿದರೆ ಪ್ಯೂ ಮೂಲ ದತ್ತಾಂಶವನ್ನೂ ಕೊಡುತ್ತದೆ. ಅಂಕಿಅಂಶ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಅವರೇ ಲೆಕ್ಕ ಹಾಕಿ ನೋಡಬಹುದು.