ನೀರುಕಾಗೆಗಳ ಆಹಾರ ಕ್ರಮ – ಮೀನು ಕೃಷಿಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ

ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ಹಕ್ಕಿಗಳ ಪೈಕಿ ನೀರುಕಾಗೆಗಳು ರಾಜ್ಯದ ಜನರಿಗೆ ಚಿರಪರಿಚಿತ. ಈ ಕುಟುಂಬದ ಹಲವು ಪ್ರಭೇದಗಳು ಕಡಲತೀರದ ವಾಸಿಗಳಾಗಿದ್ದು, ದೊಡ್ಡ ನೀರುಕಾಗೆಯು ಯುರೋಪಿನ ಕರಾವಳಿಯಲ್ಲಿ ಸಮುದ್ರದಲ್ಲಿಯೂ, ಕರ್ನಾಟಕದಲ್ಲಿ ಮುಖ್ಯವಾಗಿ ಜಲಾಶಯ, ಕೆರೆ ಹಾಗೂ ನದಿಗಳಲ್ಲಿಯೂ ಬೇಟೆಯಾಡುತ್ತದೆ. ಇವುಗಳಿಂದ ಮೀನು ಸಾಕಣೆ ಹೊಂಡಗಳಿಗೆ ನಷ್ಟವಾಗುತ್ತದೆಂಬ ದೂರು ಸಾಮಾನ್ಯವಾದುದರಿಂದ ಅವುಗಳ ಆಹಾರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗ್ಯಾನೆಟ್ ಎಂಬ ಕಡಲಹಕ್ಕಿಯು ಎತ್ತರದಿಂದ ನೀರಿಗೆ ಧುಮುಕುತ್ತದೆ. ಪೆಂಗ್ವಿನ್ ರೆಕ್ಕೆಗಳಿಂದ ಈಜುತ್ತದೆ. ನೀರುಕಾಗೆಯಾದರೋ ನೀರಿನ ಮೇಲೆ ತೇಲುತ್ತಿದ್ದು, ಅಲ್ಲಿಂದಲೇ ಮುಳುಗಿ ಜಾಲಪಾದಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾ ಸಾಗುತ್ತದೆ. ಇದರ ಗರಿಗಳ ಹೊರಭಾಗವು ನೆನೆಯುವುದರಿಂದ ದೇಹದ ತೇಲುವಿಕೆ ಕಡಿಮೆಯಾಗಿ ಮುಳುಗುವುದು ಸುಲಭವಾಗುತ್ತದೆ. ಬೇಟೆಯ ತರುವಾಯ ಬಂಡೆಯ ಮೇಲೆ ರೆಕ್ಕೆ ಹರಡಿ ಕುಳಿತುಕೊಳ್ಳುವುದು ಇದೇ ಕಾರಣಕ್ಕೆ. ಅದನ್ನು ಸೋಮಾರಿತನವೆಂದು ತಿಳಿಯಬಾರದು.

ನೀರಿನೊಳಗೆ ಇದರ ದೃಷ್ಟಿ ಅತಿ ಸೂಕ್ಷ್ಮವೆಂಬ ನಂಬಿಕೆ ಇತ್ತು. ಆದರೆ ದೊಡ್ಡ ನೀರುಕಾಗೆಯನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಂತೆ, ನೀರಿನಡಿಯಲ್ಲಿ ಅದರ ದೃಷ್ಟಿಯು ಮನುಷ್ಯನ ಬರಿಗಣ್ಣಿಗಿಂತ ಹೆಚ್ಚೇನೂ ಉತ್ತಮವಲ್ಲ. ಆದುದರಿಂದ ಅದು ದೂರದಿಂದ ಗುರಿಯಿಟ್ಟು ಬೆನ್ನಟ್ಟುವ ಬದಲು, ಸಮೀಪದಲ್ಲಿ ಅಡಗಿರುವ ಮೀನನ್ನು ಕದಲಿಸಿ, ಕತ್ತನ್ನು ಥಟ್ಟನೆ ಚಾಚಿ ಕೊಕ್ಕಿನ ಕೊಂಡಿಯಿಂದ ಹಿಡಿಯುತ್ತದೆ. ಹಿಡಿದ ಮೀನನ್ನು ತಲೆಯ ಕಡೆಯಿಂದಲೇ ನುಂಗುತ್ತದೆ. ಹಾಗಲ್ಲದಿದ್ದರೆ ರೆಕ್ಕೆಮುಳ್ಳುಗಳು ಗಂಟಲಿಗೆ ಸಿಲುಕುವ ಸಂಭವವಿದೆ. ಜೀರ್ಣವಾಗದ ಮೂಳೆಗಳನ್ನು ಉಂಡೆಯಾಗಿ ಹೊರಹಾಕುತ್ತದೆ.

ದೊಡ್ಡ ನೀರುಕಾಗೆಗೆ ದಿನಕ್ಕೆ ಸುಮಾರು ಅರ್ಧ ಕಿಲೋಗ್ರಾಂ ಮೀನು ಬೇಕಾಗುತ್ತದೆ. ಸಣ್ಣ ನೀರುಕಾಗೆಯು ಕಿರುಮೀನುಗಳ ಜೊತೆಗೆ ಕಪ್ಪೆ, ಗೊದಮೊಟ್ಟೆ, ಸೀಗಡಿಗಳನ್ನೂ ತಿನ್ನುತ್ತದೆ. ಹೊಂಡದಲ್ಲಿ ಮರಿಗಳು ದಟ್ಟವಾಗಿದ್ದು ಅಡಗಲು ಸ್ಥಳವಿಲ್ಲದಿದ್ದಲ್ಲಿ ಈ ಹಕ್ಕಿಗಳಿಗೆ ಶ್ರಮವೇ ಇರುವುದಿಲ್ಲ. ಕೃಷಿಕರಿಗೆ ನಷ್ಟವಾಗುವುದು ಸತ್ಯ.

ಆದಾಗ್ಯೂ, ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನ್ವಯ ನೀರುಕಾಗೆಗಳು ಸಂರಕ್ಷಿತವಾಗಿದ್ದು, ಅವುಗಳನ್ನು ಕೊಲ್ಲುವುದು, ಉರುಳು ಹಾಕಿ ಹಿಡಿಯುವುದು, ಮೊಟ್ಟೆ ಅಥವಾ ಗೂಡುಗಳನ್ನು ನಾಶಪಡಿಸುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ. ಹೊಂಡದ ಮೇಲೆ ಬಲೆ ಹಾಕುವವರು ಅದನ್ನು ಬಿಗಿಯಾಗಿ ಎಳೆದು ಕಟ್ಟತಕ್ಕದ್ದು. ಸಡಿಲ ಬಲೆಯಲ್ಲಿ ಹಕ್ಕಿಗಳು ಸಿಲುಕಿ ಸಾಯುತ್ತವೆ. ಸಾಧ್ಯವಾದಷ್ಟು ಬೆಳೆದ ಮರಿಗಳನ್ನೇ ಬಿತ್ತನೆ ಮಾಡುವುದು ಸೂಕ್ತ. ಬಲೆಗೆ ಸಿಲುಕಿದ ಅಥವಾ ಗಾಯಗೊಂಡ ಹಕ್ಕಿ ಕಂಡುಬಂದಲ್ಲಿ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೂಡಲೇ ತಿಳಿಸಲು ಕೋರಲಾಗಿದೆ.