ಮಾಹಿತಿ ಸಾಕೇ, ಸಾಲದೇ? ಧಾರಾವಿ ಉದಾಹರಣೆಯಲ್ಲಿ ಡೇಟಾ ಸಫಿಷಿಯೆನ್ಸಿ ಲೆಕ್ಕ ಬಿಡಿಸೋದು ಹೇಗೆ?

ಮುಂಬೈ: ಧಾರಾವಿಯ ಒಂದು ಕುಟುಂಬಕ್ಕೆ ಅಲ್ಲೇ ಉಚಿತ ಮನೆ ಸಿಗುತ್ತದೆಯೇ? 2024ರ ಮಾರ್ಚ್‌ನಲ್ಲಿ ಮನೆ ಮನೆ ಸಮೀಕ್ಷೆ ಶುರುವಾದಾಗಿನಿಂದ ಅಲ್ಲಿನವರನ್ನು ಕಾಡುತ್ತಿರುವ ಪ್ರಶ್ನೆ ಇದು. 2000ದ ಜನವರಿ 1ಕ್ಕೂ ಮೊದಲಿನಿಂದ ನೆಲಮಹಡಿಯಲ್ಲಿ ವಾಸವಿರುವವರಿಗೆ ಧಾರಾವಿಯಲ್ಲೇ ಉಚಿತ ಮನೆ ಎನ್ನುತ್ತದೆ ಪುನರಾಭಿವೃದ್ಧಿ ಯೋಜನೆಯ ನಿಯಮ.

'ನಾವು 1998ರಿಂದ ಇಲ್ಲಿದ್ದೇವೆ' ಎಂದರೆ ಸಾಲದು, ಮನೆ ಮೇಲಿನ ಮಹಡಿಯಲ್ಲಿರಬಹುದು. 'ನಮ್ಮದು ನೆಲಮಹಡಿ' ಎಂದರೂ ಸಾಲದು, 2005ರಲ್ಲಿ ಬಂದಿರಬಹುದು. ಎರಡೂ ಸೇರಿದರೆ ಮಾತ್ರ ಈ ನಿಯಮದ ಮಟ್ಟಿಗೆ ಉತ್ತರ ಸಿಗುತ್ತದೆ. ಅದಕ್ಕೆ ದಾಖಲೆ ಬೇಕು ಎನ್ನುವುದು ಬೇರೆ ಮಾತು.

ಜಿಮ್ಯಾಟ್ ಹಾಗೂ ಬ್ಯಾಂಕ್ ನೇಮಕಾತಿ ಪರೀಕ್ಷೆಗಳಲ್ಲಿ ಬರುವ 'ಡೇಟಾ ಸಫಿಷಿಯೆನ್ಸಿ' ಪ್ರಶ್ನೆಗಳ ತಿರುಳೂ ಇಷ್ಟೇ. ಇಲ್ಲಿ ಉತ್ತರ ಎಷ್ಟು ಎಂದು ಕೇಳುವುದಿಲ್ಲ, ಉತ್ತರ ಹೇಳಲು ಕೊಟ್ಟ ಮಾಹಿತಿ ಸಾಕೇ ಎಂದು ಕೇಳುತ್ತಾರೆ. ಜಿಮ್ಯಾಟ್‌ನಲ್ಲಿ ಐದು ಆಯ್ಕೆಗಳಿರುತ್ತವೆ: (ಎ) ಮೊದಲ ಹೇಳಿಕೆ ಮಾತ್ರ ಸಾಕು (ಬಿ) ಎರಡನೆಯದು ಮಾತ್ರ ಸಾಕು (ಸಿ) ಎರಡೂ ಸೇರಿದರೆ ಮಾತ್ರ ಸಾಕು (ಡಿ) ಯಾವುದೊಂದಿದ್ದರೂ ಸಾಕು (ಇ) ಎರಡೂ ಸೇರಿದರೂ ಸಾಲದು.

ಗಣದಲ್ಲಿ 20 ಇದೆಯೇ?

'ಎಸ್' ಎಂಬುದು ಪೂರ್ಣಾಂಕಗಳ ಗಣ. ಅದರಲ್ಲಿ 20 ಇದೆಯೇ?
1) ಗಣದಲ್ಲಿ 5 ಇದೆ.
2) ಗಣದಲ್ಲಿ ಒಂದು ಸಂಖ್ಯೆ ಇದ್ದರೆ, ಅದಕ್ಕೆ 3 ಕೂಡಿಸಿದ ಸಂಖ್ಯೆಯೂ ಇರುತ್ತದೆ.

ಮೊದಲನೆಯದರಿಂದ 20ರ ಬಗ್ಗೆ ಏನೂ ತಿಳಿಯದು. ಎರಡನೆಯದು ನಿಯಮ ಹೇಳುತ್ತದೆ, ಎಲ್ಲಿಂದ ಆರಂಭ ಎಂದು ಹೇಳುವುದಿಲ್ಲ. ಸೇರಿಸಿದರೆ 5, 8, 11, 14, 17, 20. ಉತ್ತರ 'ಸಿ'.

ಈಗ 20ರ ಬದಲು 19 ಇದೆಯೇ ಎಂದು ಕೇಳಿ. ಸರಣಿಯಲ್ಲಿ 19 ಬರಲಿಲ್ಲ, ಹಾಗಾಗಿ 'ಇಲ್ಲ' ಎಂದು ಬಹಳಷ್ಟು ಮಂದಿ ಎಡವುತ್ತಾರೆ. ಆದರೆ ಗಣದಲ್ಲಿ ಬೇರೆ ಸಂಖ್ಯೆಗಳಿಲ್ಲ ಎಂದು ಯಾರೂ ಹೇಳಿಲ್ಲ. ಹೀಗಾಗಿ ಉತ್ತರ 'ಇ'. ಅದೇ 'ಗಣದ ಪ್ರತಿ ಸಂಖ್ಯೆಯನ್ನೂ 3ರಿಂದ ಭಾಗಿಸಿದರೆ ಶೇಷ 2' ಎಂದಿದ್ದರೆ, 19 ಖಂಡಿತ ಇಲ್ಲ, ಏಕೆಂದರೆ ಅದರ ಶೇಷ 1. ನೆನಪಿಡಿ, ಖಚಿತವಾದ 'ಇಲ್ಲ' ಕೂಡ ಉತ್ತರವೇ. ಆಗ ಮಾಹಿತಿ ಸಾಕು ಎಂದೇ ಅರ್ಥ.

ಒಂದು ಪದ, ಬೇರೆ ಉತ್ತರ

ಧಾರಾವಿಯ ಒಂದು ಗಲ್ಲಿಯಲ್ಲಿ ಐದು ಚರ್ಮದ ಅಂಗಡಿಗಳಿವೆ ಎಂದುಕೊಳ್ಳಿ. ಪ್ರತಿಯೊಂದರಲ್ಲೂ ಕನಿಷ್ಠ ಒಬ್ಬ ಕೆಲಸಗಾರ ಇದ್ದಾರೆ, ಯಾವ ಎರಡು ಅಂಗಡಿಯಲ್ಲೂ ಸಂಖ್ಯೆ ಒಂದೇ ಅಲ್ಲ. ಅತಿ ದೊಡ್ಡ ಅಂಗಡಿಯಲ್ಲಿ ಎಷ್ಟು ಮಂದಿ?
1) ಒಟ್ಟು ಕೆಲಸಗಾರರು 15.
2) ಮಧ್ಯಾಂಕ 3.

ಎರಡನ್ನೂ ಸೇರಿಸಿದರೆ ಉತ್ತರ ಸಿಗುವುದರಿಂದ 'ಸಿ' ಎನ್ನಬೇಕೆನಿಸುತ್ತದೆ. ಇದೇ ಬಲೆ. ಐದು ಬೇರೆ ಬೇರೆ ಧನ ಪೂರ್ಣಾಂಕಗಳ ಕನಿಷ್ಠ ಮೊತ್ತವೇ 1+2+3+4+5 = 15. ಹಾಗಾಗಿ ಮೊದಲ ಹೇಳಿಕೆಯೊಂದೇ ಸಾಕು, ಉತ್ತರ 'ಎ'. ಎರಡನೆಯದರಲ್ಲಿ ಕೊನೆಯ ಸಂಖ್ಯೆ 5 ಆಗಬಹುದು, 50 ಕೂಡ ಆಗಬಹುದು.

'ಸಂಖ್ಯೆ ಒಂದೇ ಅಲ್ಲ' ಎಂಬ ಮಾತು ತೆಗೆದರೆ? ಎಲ್ಲ ಅಂಗಡಿಯಲ್ಲೂ ಮೂವರಿರಬಹುದು, ಇಲ್ಲವೇ 1ರಿಂದ 5ರವರೆಗೂ ಇರಬಹುದು. ಎರಡರಲ್ಲೂ ಮೊತ್ತ 15, ಮಧ್ಯಾಂಕ 3. ಉತ್ತರ ನೇರ 'ಇ'ಗೆ ಜಿಗಿಯುತ್ತದೆ.

ಪರೀಕ್ಷೆಗೆ ಮುನ್ನ ಗಮನಿಸಿ

* ಎರಡನೇ ಹೇಳಿಕೆ ಓದುವಾಗ ಮೊದಲನೆಯದನ್ನು ಮರೆತುಬಿಡಿ. ಬಿಡಿಬಿಡಿಯಾಗಿ ನೋಡಿದ ಮೇಲಷ್ಟೇ ಸೇರಿಸಿ.
* 'ಪೂರ್ಣಾಂಕ' ಎಂದರೆ ಸೊನ್ನೆ ಮತ್ತು ಋಣ ಸಂಖ್ಯೆಗಳೂ ಸೇರುತ್ತವೆ. 'ಧನ', 'ಬೇರೆ ಬೇರೆ' ಎಂಬ ಪದಗಳಿವೆಯೇ ನೋಡಿ.
* ಹೇಳಿಕೆಗೆ ಒಪ್ಪುವ ಎರಡು ಉದಾಹರಣೆ ಹುಡುಕಿ. ಎರಡೂ ಬೇರೆ ಉತ್ತರ ಕೊಟ್ಟರೆ ಮಾಹಿತಿ ಸಾಲದು.
* ಪೂರ್ತಿ ಲೆಕ್ಕ ಮಾಡಲು ಹೋಗಬೇಡಿ. ಈಗಿನ ಜಿಮ್ಯಾಟ್‌ನಲ್ಲಿ ಈ ಪ್ರಶ್ನೆಗಳಿರುವ ಡೇಟಾ ಇನ್‌ಸೈಟ್ಸ್ ವಿಭಾಗದ 20 ಪ್ರಶ್ನೆಗಳಿಗೆ ಸಿಗುವುದು 45 ನಿಮಿಷ ಮಾತ್ರ. ಉತ್ತರ ಒಂದೇ ಎಂದು ಖಚಿತವಾದರೆ ಸಾಕು, ಮುಂದಕ್ಕೆ ಹೋಗಿ.